ಜಿಂಕ್ ಆಕ್ಸೈಡ್ ನ್ಯಾನೋ ಪುಡಿ: ತರಿಸುವುದರಿಂದ ಹಿಡಿದು ವಿಲೇವಾರಿಯವರೆಗೆ

ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಶಿವಮೊಗ್ಗದ ಜಿಟಿಜಿಟಿ ಮಳೆ, ಒಳಗೆ ನಮ್ಮ ಕೆಮಿಸ್ಟ್ರಿ ಲ್ಯಾಬು. ಹೊಸದಾಗಿ ಬಂದಿದ್ದ 100 ಗ್ರಾಂ ಪ್ಯಾಕೆಟ್ಟಿನ ಮೂತಿಯನ್ನು ಕತ್ತರಿಯಿಂದ ಕತ್ತರಿಸಿದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದದ್ದು ಗಮನಕ್ಕೇ ಬರಲಿಲ್ಲ. ಬಿಳಿ ಹೊಗೆಯಂಥದ್ದು ಎದ್ದಿತು, ಎರಡು ಸುತ್ತು ತಿರುಗಿತು, ಮಾಯವಾಯಿತು. ಮೇಜಿನ ಮೇಲೆ ಬೆರಳಾಡಿಸಿದರೆ ಬೆರಳು ಬೆಳ್ಳಗಾಯಿತು. ಸಹಾಯಕ್ಕಿದ್ದ ಅಕ್ಕ ನೋಡಿ, "ಹಿಟ್ಟು ಚೆಲ್ಲಿದ್ದೀರಲ್ಲ ಸರ್, ತಡೀರಿ, ಗುಡಿಸಿಬಿಡ್ತೀನಿ" ಅಂತ ಪೊರಕೆ ತಂದರು. ನಾನು ಬೇಡ ಅನ್ನುವಷ್ಟರಲ್ಲಿ ಎರಡು ಸಲ ಗುಡಿಸಿ ಆಗಿತ್ತು. ಕೆಳಗೆ ಕೂತಿದ್ದ ಪುಡಿ ಮತ್ತೆ ಎದ್ದಿತು.

ಅವತ್ತು ಯಾರಿಗೂ ಏನೂ ಆಗಲಿಲ್ಲ. ಆದರೆ ತಪ್ಪು ನನ್ನದೇ. ಅದಾದ ಮೇಲೆ ಈ ಪುಡಿ ಮುಟ್ಟುವ ಪ್ರತಿ ಹುಡುಗ ಹುಡುಗಿಗೂ ನಾನು ಮೊದಲು ಹೇಳುವುದು ಒಂದೇ ಮಾತು: ಪುಡಿ ಒಂದೋ ಮುಚ್ಚಿರಬೇಕು, ಇಲ್ಲವೇ ಒದ್ದೆಯಾಗಿರಬೇಕು. ಒಣಗಿ ತೆರೆದುಕೊಂಡಿರುವ ಹೊತ್ತು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಕೆಳಗೆ ಬರೆದಿರುವುದೆಲ್ಲ ಆ ಮಾತಿನ ವಿವರ. ಕಾಲೇಜಿನ ಪ್ರಾಜೆಕ್ಟ್ ಮಾಡುವವರು, ಸಣ್ಣ ಪೇಂಟ್ ಅಥವಾ ರಬ್ಬರ್ ಘಟಕ ನಡೆಸುವವರು, ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಪುಡಿಯ ಪರಿಚಯ

ಜಿಂಕ್ ಅಂದರೆ ಸತು. ಮಲೆನಾಡಿನಲ್ಲಿ ಕೊಟ್ಟಿಗೆಗೆ ಜಿಂಕ್ ಶೀಟ್ ಹೊದೆಸುತ್ತೇವಲ್ಲ, ಆ ಶೀಟಿನ ಕಬ್ಬಿಣಕ್ಕೆ ಬಳಿದಿರುವುದು ಇದೇ ಸತು. ಹೊಸ ಶೀಟುಗಳನ್ನು ಒಂದರ ಮೇಲೊಂದು ಪೇರಿಸಿ ಮಳೆಯಲ್ಲಿ ನೆನೆಯಲು ಬಿಟ್ಟರೆ ಬಿಳಿ ಬಿಳಿ ಮಚ್ಚೆ ಏಳುತ್ತದೆ. ಆ ಬಿಳಿ ತುಕ್ಕನ್ನು ನೆನಪಿಟ್ಟುಕೊಳ್ಳಿ, ಸಂಗ್ರಹದ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಸತುವನ್ನು ಗಾಳಿಯಲ್ಲಿ ಸುಟ್ಟರೆ ಬರುವ ಬಿಳಿ ಬೂದಿಯೇ ಜಿಂಕ್ ಆಕ್ಸೈಡ್. ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಆಮ್ಲದಲ್ಲಿ ಕರಗುತ್ತದೆ, ಗಟ್ಟಿ ಕ್ಷಾರದಲ್ಲೂ ಕರಗುತ್ತದೆ. ಸಾಂದ್ರತೆ ಒಂದು ಘನ ಸೆಂಟಿಮೀಟರ್‌ಗೆ ಸುಮಾರು 5.6 ಗ್ರಾಂ. ಆಗಲೇ ಸುಟ್ಟ ಬೂದಿಯಾದ್ದರಿಂದ ಬೆಂಕಿ ಹತ್ತುವುದಿಲ್ಲ. ಅಕ್ಕಿ ಗಿರಣಿಯ ತೌಡಿನ ಧೂಳು ಕಿಡಿ ಬಿದ್ದರೆ ಭಗ್ಗೆನ್ನಬಹುದು, ಇದಕ್ಕೆ ಆ ಭಯವಿಲ್ಲ.

ಚಿಟಿಕೆ ಪುಡಿಯನ್ನು ಮೂಸೆಯಲ್ಲಿ ಹಾಕಿ ಚೆನ್ನಾಗಿ ಕಾಯಿಸಿದರೆ ನಿಂಬೆ ಹಳದಿ ಬಣ್ಣಕ್ಕೆ ತಿರುಗುತ್ತದೆ. ಆರಿದರೆ ಮತ್ತೆ ಬೆಳ್ಳಗೆ. ಬಿಸಿಗೆ ಸ್ವಲ್ಪ ಆಮ್ಲಜನಕ ಬಿಟ್ಟುಕೊಡುತ್ತದೆ, ಆರುವಾಗ ವಾಪಸು ಪಡೆಯುತ್ತದೆ. ನಿಮ್ಮ ಬಾಟಲಿಯ ಲೇಬಲ್ ಕಿತ್ತುಹೋಗಿದ್ದರೆ ಇದು ಜಿಂಕ್ ಆಕ್ಸೈಡೋ ಸುಣ್ಣವೋ ಎಂದು ತಿಳಿಯಲು ಸುಲಭದ ದಾರಿ. (ಲೇಬಲ್ ಕಿತ್ತುಹೋಗಬಾರದು, ಅದು ಬೇರೆ ಮಾತು.)

ಇನ್ನು ನ್ಯಾನೋ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ಕಣದ ಗಾತ್ರ 1ರಿಂದ 100 ನ್ಯಾನೋಮೀಟರ್ ಒಳಗಿದ್ದರೆ ಅದಕ್ಕೆ ನ್ಯಾನೋ ಪುಡಿ ಅನ್ನುತ್ತಾರೆ. ಸಣ್ಣದಾದರೆ ಏನಾಯಿತು? ಒಂದು ಲೆಕ್ಕ ಹಾಕಿ ನೋಡಿ. ಗುಂಡಗಿನ ಕಣವಾದರೆ, 6ನ್ನು ಸಾಂದ್ರತೆಯಿಂದಲೂ ಮೈಕ್ರಾನಿನಲ್ಲಿ ಅಳೆದ ವ್ಯಾಸದಿಂದಲೂ ಭಾಗಿಸಿದರೆ ಒಂದು ಗ್ರಾಂ ಪುಡಿಯ ಒಟ್ಟು ಮೈ, ಅಂದರೆ ಎಲ್ಲ ಕಣಗಳ ಮೇಲ್ಮೈ ಸೇರಿ, ಎಷ್ಟು ಚದರ ಮೀಟರ್ ಎಂದು ಸಿಗುತ್ತದೆ. 1 ಮೈಕ್ರಾನ್, ಅಂದರೆ 1000 ನ್ಯಾನೋಮೀಟರ್ ಕಣವಾದರೆ ಸುಮಾರು 1 ಚದರ ಮೀಟರ್, ಒಂದು ಸ್ನಾನದ ಟವೆಲಿನಷ್ಟು. 30 ನ್ಯಾನೋಮೀಟರ್ ಕಣವಾದರೆ ಸುಮಾರು 36 ಚದರ ಮೀಟರ್. ಹೆಚ್ಚುಕಡಿಮೆ 20 ಅಡಿಗೆ 20 ಅಡಿ ಅಡಿಕೆ ಹರವುವ ಅಂಗಳ! ಅದೂ ಒಂದೇ ಗ್ರಾಂನಲ್ಲಿ. ಇದರ ಉಪಯೋಗವೂ ಉಪದ್ರವವೂ ಹುಟ್ಟುವುದು ಈ ಅಂಗಳದಲ್ಲೇ. ಬೇಗ ಕರಗುತ್ತದೆ, ಬೇಗ ತೇವ ಹೀರುತ್ತದೆ, ಬೇಗ ಹಾರುತ್ತದೆ.

ಬೆಳಕಿನ ಆಟ, ಒಂದು ನೋಟು, ಎರಡು ಟಾರ್ಚು

ಜಿಂಕ್ ಆಕ್ಸೈಡ್ ಒಂದು ಅರೆವಾಹಕ. ಅದರ ಬ್ಯಾಂಡ್ ಗ್ಯಾಪ್, ಅಂದರೆ ಅದು ನುಂಗಬೇಕಾದರೆ ಬೆಳಕಿಗೆ ಇರಬೇಕಾದ ಕನಿಷ್ಠ ಶಕ್ತಿ, ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್. ಅಂದರೆ ಸುಮಾರು 370 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಯುವಿ (ನೇರಳಾತೀತ) ಬೆಳಕನ್ನು ಅದು ನುಂಗುತ್ತದೆ, ಅದಕ್ಕಿಂತ ಉದ್ದದ್ದನ್ನು ಬಿಡುತ್ತದೆ. ಇದನ್ನು ಕಣ್ಣಾರೆ ನೋಡಬಹುದು.

ಒಂದು ಗಾಜಿನ ಸ್ಲೈಡ್ ತೆಗೆದುಕೊಳ್ಳಿ. ಅರ್ಧಕ್ಕೆ ಮಾತ್ರ, ನೀರಿನಲ್ಲಿ ಕಲಸಿದ ಪುಡಿಯನ್ನು ತೆಳ್ಳಗೆ ಸವರಿ ಒಣಗಿಸಿ. ಕೋಣೆ ಕತ್ತಲೆ ಮಾಡಿ, 500 ರೂಪಾಯಿ ನೋಟಿನ ನಂಬರಿನ ಮೇಲೆ ಯುವಿ ಟಾರ್ಚ್ ಬಿಡಿ. ನಂಬರು ಹೊಳೆಯುತ್ತದೆ, ಕಾಗದದೊಳಗಿನ ಸಣ್ಣ ಎಳೆಗಳೂ ಹೊಳೆಯುತ್ತವೆ. ಈಗ ಟಾರ್ಚು ಮತ್ತು ನೋಟಿನ ನಡುವೆ ಸ್ಲೈಡ್ ಹಿಡಿಯಿರಿ. ಬರೀ ಗಾಜಿನ ಕೆಳಗೆ ಹೊಳಪು ಹಾಗೇ ಇರುತ್ತದೆ. ಪುಡಿ ಸವರಿದ ಕಡೆ ಹೊಳಪು ಸತ್ತೇ ಹೋಗುತ್ತದೆ.

ಮೊದಲ ಸಲ ಮಾಡಿದಾಗ ನನಗೆ ಹೀಗೆ ಬರಲಿಲ್ಲ. ಸವರಿದ ಕಡೆಯೂ ಮಂಕಾಗಿ ಹೊಳೆಯುತ್ತಿತ್ತು. ಪುಡಿಯೇ ಸರಿಯಿಲ್ಲ ಎಂದು ಬೈದುಕೊಂಡೆ. ಆಮೇಲೆ ಟಾರ್ಚಿನ ಮೇಲೆ ಬರೆದಿದ್ದನ್ನು ಓದಿದರೆ 395 ನ್ಯಾನೋಮೀಟರ್ ಅಂತಿತ್ತು. ಗಾಂಧಿ ಬಜಾರಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದದ್ದು. 395 ಅಂದರೆ 3.14 ಎಲೆಕ್ಟ್ರಾನ್ ವೋಲ್ಟ್, ಅದು ಜಿಂಕ್ ಆಕ್ಸೈಡಿಗೆ ಕಾಣಿಸುವುದೇ ಇಲ್ಲ. 365ರ ಟಾರ್ಚು ತರಿಸಿದ ಮೇಲೆ ಪಾಠ ಸರಿ ಹೋಯಿತು. ಯುವಿ ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ, ನೀವೂ ಇಣುಕಬೇಡಿ.

ಏನಕ್ಕೆಲ್ಲ ಬೇಕು, ನ್ಯಾನೋನೇ ಬೇಕಾ?

ಅಂಗಡಿಯವನು ಹೇಳದ ಒಂದು ಮಾತು ಹೇಳುತ್ತೇನೆ. ಜಿಂಕ್ ಆಕ್ಸೈಡಿನ ಬಹುಪಾಲು ಕೆಲಸಕ್ಕೆ ಸಾದಾ ಪುಡಿ ಸಾಕು. ಅದು ಅಗ್ಗ, ಹಾರುವುದೂ ಕಡಿಮೆ.

ಜಗತ್ತಿನಲ್ಲಿ ಜಾಸ್ತಿ ಖರ್ಚಾಗುವುದು ರಬ್ಬರಿಗೆ. ರಬ್ಬರಿಗೆ ಗಂಧಕ ಸೇರಿಸಿ ಬೇಯಿಸುವಾಗ ಜಿಂಕ್ ಆಕ್ಸೈಡ್ ಮತ್ತು ಸ್ಟಿಯರಿಕ್ ಆಮ್ಲ ಸೇರಿ ಆ ಕ್ರಿಯೆಯನ್ನು ಚುರುಕು ಮಾಡುತ್ತವೆ. ಟೈರಿನ ಮಿಶ್ರಣದಲ್ಲಿ 100 ಭಾಗ ರಬ್ಬರಿಗೆ 3ರಿಂದ 5 ಭಾಗ ಹಾಕುವುದು ವಾಡಿಕೆ. ವಿದ್ಯುತ್ ಲೈನುಗಳಿಗೆ ಸಿಡಿಲು ಹೊಡೆದಾಗ ಕಾಪಾಡುವ ಅರೆಸ್ಟರಿನ ಒಳಗೆ ಇರುವುದೂ ಜಿಂಕ್ ಆಕ್ಸೈಡಿನ ಬಿಲ್ಲೆಗಳೇ. ಮಾಮೂಲಿ ವೋಲ್ಟೇಜಿಗೆ ತಡೆ, ಸಿಡಿಲಿನ ವೋಲ್ಟೇಜಿಗೆ ದಾರಿ. ಹಲ್ಲಿನ ಡಾಕ್ಟರು ತಾತ್ಕಾಲಿಕವಾಗಿ ಹುಳುಕು ತುಂಬುವಾಗ ಲವಂಗದ ವಾಸನೆ ಬರುತ್ತದೆ, ಅಲ್ವಾ? ಲವಂಗದೆಣ್ಣೆಯ ಯೂಜಿನಾಲ್ ಜೊತೆ ಜಿಂಕ್ ಆಕ್ಸೈಡ್ ಕಲಸಿದ ಸಿಮೆಂಟು ಅದು. ಕ್ಯಾಲಮೈನ್ ಲೋಷನ್ನಿನಲ್ಲಿ ಇದೆ, ಮಗುವಿನ ಡೈಪರ್ ಗಾಯಕ್ಕೆ ಹಚ್ಚುವ ಬಿಳಿ ಮುಲಾಮಿನಲ್ಲಿ ಇದೆ.

ನ್ಯಾನೋ ನಿಜವಾಗಿ ಬೇಕಾಗುವುದು ಎರಡು ಕಡೆ. ಒಂದು, ಪುಡಿ ಕಣ್ಣಿಗೆ ಕಾಣಬಾರದು ಅನ್ನುವಲ್ಲಿ. ನಮಗೆ ಕಾಣುವ ಬೆಳಕು 400ರಿಂದ 700 ನ್ಯಾನೋಮೀಟರ್. ಅದಕ್ಕಿಂತ ತೀರಾ ಸಣ್ಣ ಕಣ ಬೆಳಕನ್ನು ಚದುರಿಸುವುದು ಕಡಿಮೆ, ಆದ್ದರಿಂದ ಸನ್‌ಸ್ಕ್ರೀನ್ ಹಚ್ಚಿದ ಮುಖ ಸುಣ್ಣ ಬಳಿದ ಗೋಡೆಯಂತೆ ಕಾಣುವುದಿಲ್ಲ, ಯುವಿಗೆ ಮಾತ್ರ ತಡೆ. ಮರದ ಮೇಲಿನ ಪಾರದರ್ಶಕ ವಾರ್ನಿಷಿಗೂ ಇದೇ ಕಾರಣಕ್ಕೆ ಹಾಕುತ್ತಾರೆ. ಎರಡು, ಮೈ ಜಾಸ್ತಿ ಬೇಕು ಅನ್ನುವಲ್ಲಿ: ಅನಿಲ ಗುರುತಿಸುವ ಸೆನ್ಸರ್, ಬೆಳಕು ಬಿದ್ದಾಗ ಬಣ್ಣವನ್ನು ಮುರಿಯುವ ಪ್ರಯೋಗ, ಸೂಕ್ಷ್ಮಜೀವಿ ತಡೆಯುವ ಬಟ್ಟೆಯ ಲೇಪ.

ಸನ್‌ಸ್ಕ್ರೀನಿನ ಬಗ್ಗೆ ಒಂದು ಎಚ್ಚರಿಕೆ. ಯೂರೋಪಿನ ನಿಯಮ ನ್ಯಾನೋ ಜಿಂಕ್ ಆಕ್ಸೈಡನ್ನು 25 ಶೇಕಡಾವರೆಗೆ ಒಪ್ಪುತ್ತದೆ, ಆದರೆ ಉಸಿರಿನೊಳಗೆ ಹೋಗಬಹುದಾದ ಸ್ಪ್ರೇ ರೂಪದಲ್ಲಿ ಒಪ್ಪುವುದಿಲ್ಲ. ಚರ್ಮಕ್ಕೆ ಸರಿ, ಶ್ವಾಸಕ್ಕೆ ಬೇಡ ಎಂದು ಕಾನೂನೇ ಗೆರೆ ಎಳೆದಿದೆ. ಇನ್ನು ಪುಡಿ ತಂದು ಮನೆಯಲ್ಲೇ ಕೊಬ್ಬರಿ ಎಣ್ಣೆಗೆ ಕಲಸಿ ಸನ್‌ಸ್ಕ್ರೀನ್ ಮಾಡುವ ವಿಡಿಯೋಗಳನ್ನು ದಯವಿಟ್ಟು ನಂಬಬೇಡಿ. ಪುಡಿ ಉಂಡೆ ಕಟ್ಟುತ್ತದೆ, ಉಂಡೆಗಳ ನಡುವಿನ ಚರ್ಮ ಬಿಸಿಲಿಗೆ ಬೇಯುತ್ತದೆ. ಕಲಸುವಾಗ ಹಾರಿದ್ದು ಮೂಗಿಗೆ.

ಉಸಿರಿನೊಳಗೆ ಹೋದರೆ ಏನು?

ಒಂದು ಲೋಟ ನೀರಿಗೆ ಕಡಲೆಕಾಳಿನಷ್ಟು ಪುಡಿ ಕಲಕಿ. ಹಾಲಿನಂತಾಗುತ್ತದೆ. ಅದಕ್ಕೆ ಒಂದು ನಿಂಬೆಹಣ್ಣು ಹಿಂಡಿ ಕಲಕುತ್ತಾ ಇರಿ. ಸ್ವಲ್ಪ ಹೊತ್ತಿನಲ್ಲಿ ಹಾಲು ತಿಳಿಯಾಗುತ್ತಾ ಬರುತ್ತದೆ, ಏಕೆಂದರೆ ಹುಳಿಗೆ ಪುಡಿ ಕರಗಿ ಸತುವಿನ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಸತುವಿನ ಪರಮಾಣು, ನೀರಿಗೆ ಬಿಡುತ್ತದೆ. (ಲ್ಯಾಬಿನ ಲೋಟ, ಲ್ಯಾಬಿನ ನಿಂಬೆ. ಕುಡಿಯುವ ಪಾನಕದ ಹತ್ತಿರ ಬೇಡ.)

ಶ್ವಾಸಕೋಶದ ಆಳದಲ್ಲೂ ಹೀಗೇ ಆಗುತ್ತದೆ. ಒಳಗೆ ಬಂದ ಕಣವನ್ನು ಕಾವಲು ಜೀವಕೋಶ ನುಂಗುತ್ತದೆ. ನುಂಗಿದ್ದನ್ನು ಅರಗಿಸುವ ಚೀಲದೊಳಗೆ ಪಿಎಚ್ 5ರ ಆಸುಪಾಸು, ಅಂದರೆ ಹುಳಿ. ಅಲ್ಲಿ ಪುಡಿ ಕರಗಿ ಒಮ್ಮೆಲೇ ತುಂಬಾ ಸತು ಬಿಡುಗಡೆಯಾಗುತ್ತದೆ. ಚೂರು ಸತು ದೇಹಕ್ಕೆ ಬೇಕು, ಒಂದೇ ಕಡೆ ರಾಶಿ ಬಿದ್ದರೆ ಆ ಜೀವಕೋಶಕ್ಕೆ ವಿಷ. ಉರಿಯೂತ ಶುರುವಾಗುತ್ತದೆ.

ಇದರ ದೊಡ್ಡಣ್ಣನಂಥ ಕಾಯಿಲೆ ವೆಲ್ಡಿಂಗ್ ಮಾಡುವವರಿಗೆ ಗೊತ್ತು. ಜಿಂಕ್ ಬಳಿದ ಪೈಪು ಅಥವಾ ಶೀಟನ್ನು ವೆಲ್ಡ್ ಮಾಡಿದರೆ ಬಿಳಿ ಹೊಗೆ ಏಳುತ್ತದೆ. ಅದು ಹೊಸದಾಗಿ ಹುಟ್ಟಿದ ಅತಿ ಸಣ್ಣ ಜಿಂಕ್ ಆಕ್ಸೈಡ್. ಕೆಲಸ ಮುಗಿಸಿ ಮನೆಗೆ ಹೋದ ಮೇಲೆ, ನಾಲ್ಕರಿಂದ ಹತ್ತು ಗಂಟೆ ಕಳೆದು, ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಇದಕ್ಕೆ ಮೆಟಲ್ ಫ್ಯೂಮ್ ಫೀವರ್ ಎಂದು ಹೆಸರು. ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಕೆಲಸ ಮಾಡುವ ಹುಡುಗರನ್ನು ಕೇಳಿದರೆ, ಬೆಲ್ಲ ತಿಂದು ಹಾಲು ಕುಡಿದರೆ ಸರಿ ಹೋಗುತ್ತೆ ಅಂತಾರೆ. ಬೆಲ್ಲ ಹಾಲು ಹೊಟ್ಟೆಗೆ ಒಳ್ಳೆಯದೇ, ಆದರೆ ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಬೆಸುಗೆ ಹಾಕುವ ಜಾಗದ ಲೇಪ ಮೊದಲೇ ಉಜ್ಜಿ ತೆಗೆಯುವುದು, ಗಾಳಿ ಆಡುವ ಕಡೆ ಮಾಡುವುದು, ಸರಿಯಾದ ಮಾಸ್ಕ್ ಹಾಕುವುದು, ಇಷ್ಟೇ ಉಪಾಯ.

ಎಷ್ಟು ಹಾರಿದರೆ ಜಾಸ್ತಿ? ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಓಶಾ ಸಂಸ್ಥೆ ಜಿಂಕ್ ಆಕ್ಸೈಡ್ ಹೊಗೆಗೆ ಇಟ್ಟಿರುವ 8 ಗಂಟೆಯ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 5 ಮಿಲಿಗ್ರಾಂ. ಅಲ್ಲಿನ ಕೈಗಾರಿಕಾ ಆರೋಗ್ಯ ತಜ್ಞರ ಸಂಘ ಎಸಿಜಿಐಎಚ್ ಹೇಳುವುದು ಇನ್ನೂ ಬಿಗಿ, 2 ಮಿಲಿಗ್ರಾಂ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಅಂದರೆ 60 ಮಿಲಿಗ್ರಾಂಗಿಂತ ಕಡಿಮೆ ಪುಡಿ ಗಾಳಿಯಲ್ಲಿ ತೇಲಿದರೂ ಆ 2 ಮಿಲಿಗ್ರಾಂ ಮಟ್ಟ ಮುಟ್ಟಿತು. ಚಿಟಿಕೆಯ ಲೆಕ್ಕ ಅದು. ಈ ಅಂಕಿಗಳು ನ್ಯಾನೋ ಪುಡಿಗೆಂದೇ ಇಟ್ಟವಲ್ಲ, ಆದ್ದರಿಂದ ಅದಕ್ಕಿಂತ ಬಹಳ ಕೆಳಗೇ ಇರುವುದು ಒಳ್ಳೆಯದು.

ಗಾಯವಿಲ್ಲದ ಚರ್ಮ ದಾಟಿ ಒಳಗೆ ಹೋಗುವುದು ಮಾತ್ರ ತೀರಾ ಕಡಿಮೆ. ಕೈಗೆ ಅಂಟಿದರೆ ಸೋಪು ನೀರು ಸಾಕು.

ಹೆಜ್ಜೆ 1: ತರಿಸುವಾಗ

ಕೇಳಬೇಕಾದ್ದು ನಾಲ್ಕು. ಶುದ್ಧತೆ ಎಷ್ಟು. ಕಣದ ಗಾತ್ರ ಎಷ್ಟು, ಅದನ್ನು ಯಾವುದರಿಂದ ಅಳೆದರು: ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದಲೋ ಎಕ್ಸ್-ರೇಯಿಂದಲೋ. ಒಂದು ಗ್ರಾಂನ ಮೈ ಎಷ್ಟು ಚದರ ಮೀಟರ್. ಮೇಲೆ ಲೇಪ ಇದೆಯೋ ಇಲ್ಲವೋ. ಸ್ಟಿಯರಿಕ್ ಆಮ್ಲ ಅಥವಾ ಸಿಲೇನ್ ಲೇಪವಿರುವ ಪುಡಿ ನೀರಿನ ಮೇಲೆ ಎಣ್ಣೆ ಹಾಗೆ ತೇಲುತ್ತದೆ. ಒಬ್ಬ ಹುಡುಗ ಇಡೀ ವಾರ ಅದನ್ನು ನೀರಿನಲ್ಲಿ ಕಲಸಲು ಒದ್ದಾಡಿದ್ದನ್ನು ನೋಡಿದ್ದೇನೆ. ಎರಡನೆಯ ಅಂಕಿ ಮತ್ತು ಮೂರನೆಯ ಅಂಕಿ ಒಂದಕ್ಕೊಂದು ಹೊಂದುತ್ತವೆಯೋ ನೋಡಿ, ಮೇಲಿನ ಅಂಗಳದ ಲೆಕ್ಕ ಅದಕ್ಕೇ. 30 ನ್ಯಾನೋಮೀಟರ್ ಎಂದು ಬರೆದು ಗ್ರಾಂಗೆ 5 ಚದರ ಮೀಟರ್ ಎಂದರೆ ಎಲ್ಲೋ ಎಡವಟ್ಟಾಗಿದೆ.

ಸುರಕ್ಷತಾ ಪತ್ರ, ಅಂದರೆ ಎಸ್‌ಡಿಎಸ್, ಕೇಳಿ ಪಡೆಯಿರಿ. ನೀರಿನಲ್ಲಿ ಆಗಲೇ ಕಲಸಿರುವ ರೂಪದಲ್ಲಿ ಸಿಕ್ಕರೆ ಅದನ್ನೇ ಕೊಳ್ಳಿ. ಅರ್ಧ ತಲೆನೋವು ಅಲ್ಲಿಗೇ ಕಡಿಮೆ.

ಹೆಜ್ಜೆ 2: ಮಲೆನಾಡಿನ ಮಳೆಯಿಂದ ಪುಡಿ ಕಾಯುವುದು

ಉಪ್ಪಿನ ಭರಣಿ ನೀರೊಡೆಯುವ, ಬೆಂಕಿಪೊಟ್ಟಣ ಒಲೆಯ ಮೇಲಿಟ್ಟರೂ ಗೀರದ ಊರು ನಮ್ಮದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ. ಇಲ್ಲಿ ಪ್ಯಾಕೆಟ್ಟಿನ ಮೂತಿಗೆ ರಬ್ಬರ್ ಬ್ಯಾಂಡ್ ಹಾಕಿ ಕಪಾಟಿನಲ್ಲಿಟ್ಟರೆ ಆಗಸ್ಟ್ ಹೊತ್ತಿಗೆ ಪುಡಿ ಗಂಟು ಗಂಟಾಗುತ್ತದೆ. ಬರೀ ತೇವವಾದರೆ ಒಣಗಿಸಬಹುದಿತ್ತು. ತೇವದ ಜೊತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕಣದ ಮೈಮೇಲೆ ಸತುವಿನ ಕಾರ್ಬೊನೇಟ್ ಪದರ ಕಟ್ಟುತ್ತದೆ. ಜಿಂಕ್ ಶೀಟಿನ ಬಿಳಿ ತುಕ್ಕಿನ ಕಥೆಯೇ ಇದು. ಒಂದು ಗ್ರಾಂಗೆ ಅಂಗಳದಷ್ಟು ಮೈ ಇರುವಾಗ ಆ ಪದರ ಸಣ್ಣದೇನಲ್ಲ.

ಪುಡಿ ಬಂದ ದಿನವೇ, ಒಣ ಹವೆ ಇರುವಾಗ, ಸಣ್ಣ ಸಣ್ಣ ಬಾಟಲಿಗಳಿಗೆ ಹಂಚಿ. ಒಂದು ಪ್ರಯೋಗಕ್ಕೆ ಒಂದು ಬಾಟಲಿ. ದೊಡ್ಡ ಡಬ್ಬ ಇಪ್ಪತ್ತು ಸಲ ತೆರೆಯುವ ಬದಲು ಇಪ್ಪತ್ತು ಬಾಟಲಿ ಒಂದೊಂದು ಸಲ. ಬಿಗಿ ಮುಚ್ಚಳ, ಅದನ್ನು ಜಿಪ್ ಕವರಿನೊಳಗೆ, ಕವರಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಎಲ್ಲವೂ ಡೆಸಿಕೇಟರ್ ಎಂಬ ಒಣ ಗಾಳಿಯ ಬಿಗಿ ಪಾತ್ರೆಯೊಳಗೆ. ಬಣ್ಣ ಬದಲಾದ ಸಿಲಿಕಾ ಜೆಲ್ಲನ್ನು ಓವನ್ನಿನಲ್ಲಿ ಕಾಯಿಸಿದರೆ ಮತ್ತೆ ಬಳಸಬಹುದು. ಆಮ್ಲದ ಬಾಟಲಿಗಳ ಪಕ್ಕ ಇಡಬೇಡಿ. ಮೆಗ್ನೀಷಿಯಂ ಪುಡಿಯ ಜೊತೆ ಸೇರಿಸಿ ಎಂದೂ ಕಾಯಿಸಬೇಡಿ, ಅದು ಸಿಡಿಯುವ ಜೋಡಿ.

ಲೇಬಲ್ಲಿನಲ್ಲಿ ಹೆಸರು, ಕಣದ ಗಾತ್ರ, ತೆರೆದ ತಾರೀಖು. ಖಾಲಿ ಉಪ್ಪಿನಕಾಯಿ ಬಾಟಲಿ, ಸುಣ್ಣದ ಡಬ್ಬಿ ಬೇಡವೇ ಬೇಡ. ಎಲೆ ಅಡಿಕೆ ಹಾಕುವ ಊರಿನಲ್ಲಿ ಬಿಳಿ ಪುಡಿಯ ಡಬ್ಬಿ ಕಂಡರೆ ಕೈ ತಾನಾಗಿ ಹೋಗುತ್ತದೆ.

ಹಳೆಯ ಪುಡಿ ಕೆಟ್ಟಿದೆಯೋ ಎಂದು ನೋಡಲು, ಚಿಟಿಕೆ ಪುಡಿಗೆ ಎರಡು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಡಿ. ಸದ್ದಿಲ್ಲದೆ ಕರಗಿದರೆ ಸರಿ. ಗುಳ್ಳೆ ಎದ್ದರೆ ಕಾರ್ಬೊನೇಟ್ ಆಗಿದೆ. ಬರೀ ತೇವವಾದರೆ ಸಡಿಲವಾಗಿ ಮುಚ್ಚಿದ ಪಾತ್ರೆಯಲ್ಲಿ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಸಾಕು. ಕಾರ್ಬೊನೇಟ್ ಬಿಡಿಸಲು ಸುಮಾರು 300 ಡಿಗ್ರಿ ಬೇಕು. ಇನ್ನೂ ಜಾಸ್ತಿ ಕಾಯಿಸಿದರೆ ಕಣಗಳು ಒಂದಕ್ಕೊಂದು ಬೆಸೆದು ದಪ್ಪವಾಗುತ್ತವೆ, ನ್ಯಾನೋಗೆ ಕೊಟ್ಟ ದುಡ್ಡು ದಂಡ.

ಹೆಜ್ಜೆ 3: ತೂಕ ಮಾಡುವುದು

ಜಾಸ್ತಿ ಪುಡಿ ಹಾರುವುದು ಈ ಐದು ನಿಮಿಷದಲ್ಲಿ. ಆದ್ದರಿಂದ ಇಲ್ಲಿ ಅವಸರ ಬೇಡ.

ಫ್ಯಾನ್ ಆಫ್. ಕಿಟಕಿ ಮುಚ್ಚಿ. ಫ್ಯೂಮ್ ಹುಡ್, ಅಂದರೆ ಒಳಗಿನ ಗಾಳಿಯನ್ನು ಹೊರಗೆಳೆಯುವ ಪೆಟ್ಟಿಗೆ, ಇದ್ದರೆ ಅದರೊಳಗೆ, ಅದರ ಬಾಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಇದ್ದರೆ ಸರಿ. ಜೋರಾಗಿ ಎಳೆದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ, ಜೋರಾದರೆ ಚಮಚದ ಮೇಲಿನ ಪುಡಿಯನ್ನೇ ಎತ್ತಿಕೊಂಡು ಹೋಗುತ್ತದೆ. ಹುಡ್ ಇಲ್ಲದಿದ್ದರೆ ಮುಂದೆ ಕೈ ಹೋಗುವಷ್ಟೇ ಜಾಗ ಬಿಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯಾದರೂ ಇರಲಿ. ಕೆಳಗೆ ಟ್ರೇ, ಟ್ರೇಯಲ್ಲಿ ಒದ್ದೆ ಟಿಶ್ಯೂ ಕಾಗದ ಹಾಸಿ. ಬಿದ್ದದ್ದು ಅಲ್ಲೇ ಅಂಟಲಿ.

ಮಾಸ್ಕಿನ ವಿಷಯ. ಬಟ್ಟೆಯದ್ದು, ಸರ್ಜಿಕಲ್ ಮಾಸ್ಕು ಇಲ್ಲಿ ಲೆಕ್ಕಕ್ಕಿಲ್ಲ. ಎನ್95 ಅಥವಾ ಎಫ್ಎಫ್‌ಪಿ2 ಬೇಕು. "ಅಷ್ಟು ಸಣ್ಣ ಕಣ ಮಾಸ್ಕಿನ ತೂತಿನಲ್ಲಿ ದಾಟಿ ಹೋಗಲ್ವಾ ಸರ್?" ಅಂತ ಪ್ರತಿ ವರ್ಷ ಒಬ್ಬರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಮಾಸ್ಕು ಜರಡಿಯಂತೆ ಕೆಲಸ ಮಾಡುವುದಿಲ್ಲ. 30 ನ್ಯಾನೋಮೀಟರ್ ಕಣಕ್ಕೆ ಗಾಳಿಯ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಿರುತ್ತವೆ, ಅದು ನೆಟ್ಟಗೆ ಹೋಗದೆ ಕುಡಿದವರ ಹಾಗೆ ಅಡ್ಡಾಡುತ್ತದೆ, ಮಾಸ್ಕಿನ ಎಳೆಗೆ ಡಿಕ್ಕಿ ಹೊಡೆದು ಅಂಟಿಕೊಳ್ಳುತ್ತದೆ. ಫಿಲ್ಟರಿಗೆ ಹಿಡಿಯಲು ಕಷ್ಟವಾಗುವುದು ಸುಮಾರು 300 ನ್ಯಾನೋಮೀಟರ್ ಆಸುಪಾಸಿನ ಕಣ. ಎನ್95 ಅದನ್ನೂ ಕನಿಷ್ಠ 95 ಶೇಕಡಾ ಹಿಡಿಯುತ್ತದೆ. ತೊಂದರೆ ಬರುವುದು ಅಂಚಿನ ಸಂದಿಯಿಂದ. ಗಡ್ಡ ಬಿಟ್ಟವರಿಗೆ ಆ ಸಂದಿ ಮುಚ್ಚುವುದೇ ಇಲ್ಲ. ಗಡ್ಡ ಬೇಕೋ ಪ್ರಾಜೆಕ್ಟ್ ಬೇಕೋ ಅಂತ ಒಬ್ಬನಿಗೆ ತಮಾಷೆಗೆ ಕೇಳಿದ್ದೆ, ಮಾರನೇ ದಿನ ಬೋಳಿಸಿಕೊಂಡೇ ಬಂದ.

ಕಣ್ಣಿಗೆ ಗಾಗಲ್, ಕೈಗೆ ನೈಟ್ರೈಲ್ ಗ್ಲೌಸ್, ಉದ್ದ ತೋಳಿನ ಕೋಟು. ಗ್ಲೌಸ್ ಕೋಟಿನ ತೋಳಿನ ಮೇಲೆ ಬರಬೇಕು.

ಈಗ ತೂಕ. ಮುಚ್ಚಳ ಸಮೇತ ಖಾಲಿ ಬಾಟಲಿಯನ್ನು ತಕ್ಕಡಿಯಲ್ಲಿಟ್ಟು ಟೇರ್ ಮಾಡಿ, ಅಂದರೆ ಅಂಕಿ ಸೊನ್ನೆಗೆ ತನ್ನಿ. ಬಾಟಲಿಯನ್ನು ಹುಡ್ಡಿನೊಳಗೆ ಒಯ್ದು, ಚಮಚವನ್ನು ಬಾಟಲಿಯ ಒಳಗೆ ತಗ್ಗಿಸಿ ಪುಡಿ ಇಳಿಸಿ. ಮೇಲಿನಿಂದ ಸುರಿಯಬೇಡಿ. ಮುಚ್ಚಳ ಹಾಕಿ, ಹೊರಗೆ ಒರೆಸಿ, ಆಮೇಲೆ ತೂಗಿ. ಹೆಚ್ಚುಕಡಿಮೆಯಾದರೆ ಮತ್ತೆ ಒಳಗೆ. ತಕ್ಕಡಿಯ ಮೇಲೆ ಬಾಟಲಿ ತೆರೆದಿಟ್ಟು ಚೂರು ಚೂರೇ ಉದುರಿಸುವ ಅಭ್ಯಾಸ ಬಿಡಬೇಕು.

ಹೆಜ್ಜೆ 4: ಒದ್ದೆ ಮಾಡುವುದು, ಬಿಡಿಸುವುದು

ತೂಗಿದ ಬಾಟಲಿಯ ಒಳಗೋಡೆಗೆ ತಾಗುವಂತೆ ನೀರನ್ನು ನಿಧಾನಕ್ಕೆ ಇಳಿಸಿ. ಇಡ್ಲಿ ಹಿಟ್ಟಿನ ಹದಕ್ಕೆ ಬಂದ ಮೇಲೆ ಉಳಿದ ನೀರು. ಒದ್ದೆಯಾಯಿತು ಎಂದರೆ ಉಸಿರಿನ ಅಪಾಯ ಮುಕ್ಕಾಲು ಮುಗಿಯಿತು.

ಆದರೆ ಕಣಗಳು ಉಂಡೆಯಾಗಿಯೇ ಇರುತ್ತವೆ. ಶಬ್ದದ ಅಲೆಯಿಂದ ಉಂಡೆ ಒಡೆಯುವ ನೀರಿನ ತೊಟ್ಟಿ, ಅಂದರೆ ಬಾತ್ ಸೋನಿಕೇಟರಿನಲ್ಲಿ 15ರಿಂದ 30 ನಿಮಿಷ ಇಡಿ. ದ್ರವದೊಳಗೇ ಕಡ್ಡಿ ಇಳಿಸುವ ಪ್ರೋಬ್ ಸೋನಿಕೇಟರ್ ಆದರೆ ಬಾಟಲಿ ಮಂಜುಗಡ್ಡೆಯಲ್ಲಿರಲಿ, ಬಾಯಿ ಮುಚ್ಚಿರಲಿ, ಅದು ಸಣ್ಣ ಹನಿಗಳನ್ನು ಗಾಳಿಗೆ ಎರಚುತ್ತದೆ. ಪಿಎಚ್ ನೋಡಿಕೊಳ್ಳಿ. 6ಕ್ಕಿಂತ ಕೆಳಗಿಳಿದರೆ ಪುಡಿ ಕರಗಲು ಶುರು. 9ರ ಆಸುಪಾಸಿನಲ್ಲಿ ಕಣದ ಮೇಲಿನ ವಿದ್ಯುದಾವೇಶ ಇಲ್ಲವಾಗಿ, ಒಂದನ್ನೊಂದು ದೂಡುವ ಬಲ ಹೋಗಿ ಎಲ್ಲ ಗಂಟು ಕಟ್ಟುತ್ತವೆ. 7ರ ಹತ್ತಿರ ಇರುವುದು ಕ್ಷೇಮ. ಸ್ವಲ್ಪ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಸೇರಿಸಿದರೆ ಜಾಸ್ತಿ ಹೊತ್ತು ತೇಲುತ್ತದೆ.

ಕಾಲೇಜಿನವರು ಹೆಚ್ಚಾಗಿ ಮಾಡುವುದು ಮಿಥಿಲೀನ್ ಬ್ಲೂ ಬಣ್ಣ ಕಳೆಯುವ ಪ್ರಯೋಗ. ಲೀಟರಿಗೆ 10 ಮಿಲಿಗ್ರಾಂ ಬಣ್ಣವಿರುವ 100 ಮಿಲಿಲೀಟರ್ ನೀರು, ಅದಕ್ಕೆ 100 ಮಿಲಿಗ್ರಾಂ ಪುಡಿ. ಮೊದಲು ಕತ್ತಲಲ್ಲಿ ಅರ್ಧ ಗಂಟೆ ಕಲಕಿ, ಆಮೇಲೆ ಬಿಸಿಲಿಗೆ. ಪಕ್ಕದಲ್ಲಿ ಪುಡಿ ಹಾಕದ ಬಣ್ಣದ ನೀರು ಇಡಲೇಬೇಕು, ಬಿಸಿಲಿಗೆ ಬಣ್ಣ ತಾನಾಗಿಯೂ ಸ್ವಲ್ಪ ಕಳೆಯುತ್ತದೆ. ಅಳೆಯುವ ಮುಂಚೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಿ ಪುಡಿ ತೆಗೆಯಿರಿ. ಮತ್ತೆ ಜೂನ್‌ನಿಂದ ಆಗಸ್ಟ್‌ವರೆಗೆ ಈ ಪ್ರಯೋಗ ಇಟ್ಟುಕೊಳ್ಳಬೇಡಿ. ತೀರ್ಥಹಳ್ಳಿ, ಹೊಸನಗರದ ಹುಡುಗರು ಬಿಸಿಲು ಬರಲಿ ಅಂತ ಮೋಡ ನೋಡುತ್ತಾ ಕೂತು ಸೆಮಿಸ್ಟರ್ ಕಳೆದಿದ್ದಾರೆ.

ಹೆಜ್ಜೆ 5: ಚೆಲ್ಲಿದರೆ

ಪೊರಕೆ ಮುಟ್ಟಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರೂ ಬೇಡ, ಅದು ಮುಂದಿನಿಂದ ಎಳೆದು ಹಿಂದಿನಿಂದ ಊದುತ್ತದೆ. ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದಾದರೆ ಸರಿ. ಎಲ್ಲರೂ ಹೊರಗೆ ಬಂದು, ಪುಡಿ ಕೂರಲು ಸ್ವಲ್ಪ ಹೊತ್ತು ಬಿಟ್ಟು, ಮಾಸ್ಕ್ ಹಾಕಿದ ಒಬ್ಬರು ಒಳಗೆ ಹೋಗಲಿ. ಚೆಲ್ಲಿದ ಜಾಗದ ಮೇಲೆ ಒದ್ದೆ ಬಟ್ಟೆಯನ್ನು ಮೆಲ್ಲಗೆ ಹಾಸಿ, ಅಂಚಿನಿಂದ ನಡುವಿಗೆ ಮಡಚುತ್ತಾ ಬನ್ನಿ. ಎರಡನೇ ಬಟ್ಟೆಯಿಂದ ಒರೆಸಿ. ಎರಡೂ ಬಟ್ಟೆ ಒದ್ದೆಯಿರುವಾಗಲೇ ಜಿಪ್ ಕವರಿಗೆ. ಒಣಗಲು ಬಿಟ್ಟರೆ ಮತ್ತೆ ಮೊದಲಿನ ಕಥೆ. ಆವತ್ತಿನ ಅಕ್ಕನಿಗೆ ಇದನ್ನು ಒಮ್ಮೆ ಮಾಡಿ ತೋರಿಸಿದೆ. ಈಗ ಹುಡುಗರು ಪೊರಕೆ ಹಿಡಿದರೆ ಬೈಯುವುದು ಅವರೇ.

ಕಣ್ಣಿಗೆ ಬಿದ್ದರೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಬಾಯಿಗೆ ಹೋದರೆ ಮುಕ್ಕಳಿಸಿ, ಡಾಕ್ಟರಿಗೆ ತೋರಿಸಿ. ಉಸಿರಿನಲ್ಲಿ ಹೋಗಿ ಕೆಮ್ಮು ಬಂದರೆ ಹೊರಗಿನ ಗಾಳಿಗೆ ಕರೆತನ್ನಿ. ರಾತ್ರಿ ಜ್ವರ ಬಂದರೆ ಡಾಕ್ಟರ ಹತ್ತಿರ ಮಾಮೂಲಿ ಮಳೆಗಾಲದ ಜ್ವರ ಅನ್ನಬೇಡಿ, ಯಾವ ಪುಡಿ, ಎಷ್ಟು ಹೊತ್ತಿಗೆ ಎಂದು ಹೇಳಿ. ಎಸ್‌ಡಿಎಸ್ ಕಾಗದ ಜೊತೆಗೆ ಒಯ್ಯಿರಿ.

ಹೆಜ್ಜೆ 6: ಉಳಿದದ್ದನ್ನು ಏನು ಮಾಡುವುದು

ಸಿಂಕಿಗೆ ಸುರಿಯಬೇಡಿ. ಜಿಂಕ್ ಆಕ್ಸೈಡಿನ ಅಪಾಯ ಸಂಕೇತ ಎಚ್410: ನೀರಿನ ಜೀವಿಗಳಿಗೆ ಬಹಳ ವಿಷ, ಪರಿಣಾಮ ದೀರ್ಘ ಕಾಲ. ನಮ್ಮ ಊರಿನ ನೀರು ಕೊನೆಗೆ ಹೋಗುವುದು ತುಂಗೆಗೆ. ಮೀನು, ಪಾಚಿ, ನೀರುಚಿಗಟೆಗಳಿಗೆ ಸತುವಿನ ಅಯಾನು ನಮಗಿಂತ ಎಷ್ಟೋ ಪಾಲು ಕಡಿಮೆ ಪ್ರಮಾಣದಲ್ಲೇ ಹಾನಿ ಮಾಡುತ್ತದೆ.

ದ್ರವ ತ್ಯಾಜ್ಯವನ್ನು ಸುಮ್ನೆ ಫಿಲ್ಟರ್ ಕಾಗದದಲ್ಲಿ ಸೋಸಿದರೆ ಹಾಲಿನ ನೀರು ಹಾಗೇ ಇಳಿದುಬಿಡುತ್ತದೆ, ಕಣ ಅಷ್ಟು ಸಣ್ಣ. ಇಲ್ಲಿ ಮೇಲಿನ ಪಿಎಚ್ ವಿಷಯ ಉಪಯೋಗಕ್ಕೆ ಬರುತ್ತದೆ. ಸೋಡಿಯಂ ಹೈಡ್ರಾಕ್ಸೈಡನ್ನು ಹನಿ ಹನಿಯಾಗಿ ಹಾಕಿ ಪಿಎಚ್ 9ರಿಂದ 9.5ಕ್ಕೆ ತನ್ನಿ. ಕಣಗಳು ಗಂಟು ಕಟ್ಟುತ್ತವೆ, ಕರಗಿದ್ದ ಸತುವೂ ಹೈಡ್ರಾಕ್ಸೈಡ್ ಆಗಿ ಕೆಳಗೆ ಬರುತ್ತದೆ. ಜಾಸ್ತಿ ಹಾಕಿದರೆ ಮತ್ತೆ ಕರಗಿಬಿಡುತ್ತದೆ, ಆದ್ದರಿಂದ ಕೈ ಬಿಗಿ ಇರಲಿ. ಒಂದು ರಾತ್ರಿ ಬಿಟ್ಟು ಸೋಸಿ. ಚರಟ, ಗ್ಲೌಸ್, ಒರೆಸಿದ ಬಟ್ಟೆ ಎಲ್ಲ ಒಂದೇ ಗಟ್ಟಿ ಡಬ್ಬಕ್ಕೆ, ಮೇಲೆ ಲೇಬಲ್. ಅಪಾಯಕಾರಿ ತ್ಯಾಜ್ಯಕ್ಕೆ 2016ರ ನಿಯಮಗಳಿವೆ. ಅದರ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ಸಂಸ್ಥೆಗೆ ಕೊಡಬೇಕು. ಪುರಸಭೆಯ ಕಸದ ಗಾಡಿಗೆ ಹಾಕುವ ಹಾಗಿಲ್ಲ.

ತೋಟಕ್ಕೆ ಹೊಡೆಯಬಹುದಾ?

ಎಲೆಚುಕ್ಕಿ ರೋಗ ಅಡಿಕೆ ತೋಟಗಳನ್ನು ಹಿಂಡಲು ಶುರುವಾದ ಮೇಲೆ ಈ ಪ್ರಶ್ನೆ ಬರುತ್ತಲೇ ಇದೆ. ತೀರ್ಥಹಳ್ಳಿ ಕಡೆಯ ನಮ್ಮ ಭಾವನ ಫೋನು: "ಭಾವ, ನಿಮ್ಮ ಲ್ಯಾಬಿನ ಆ ಬಿಳಿ ಪುಡಿ ಶಿಲೀಂಧ್ರ ಕೊಲ್ಲುತ್ತದಂತಲ್ಲ? ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಜೊತೆ ಸೇರಿಸಿ ಹೊಡೆದುಬಿಡಲಾ?"

ಕೊಲ್ಲುತ್ತದೆ ನಿಜ, ಗಾಜಿನ ತಟ್ಟೆಯೊಳಗೆ. ತಟ್ಟೆಯಲ್ಲಿ ಸತ್ತ ಶಿಲೀಂಧ್ರ ಅರವತ್ತು ಅಡಿ ಮರದ ಮೇಲೆ, ಸುರಿಯುವ ಮಳೆಯಲ್ಲಿ ಸಾಯುತ್ತದೆ ಎಂದು ಯಾರೂ ಬರೆದು ಕೊಟ್ಟಿಲ್ಲ. ಕೀಟನಾಶಕ ಕಾಯ್ದೆ 1968ರಡಿ ನೋಂದಣಿಯಾಗದ ಔಷಧಿ ಹೊಡೆಯುವುದು ತಪ್ಪು ಬೇರೆ. ಗೊಬ್ಬರವಾಗಿ ಕೊಡುವುದಾದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಬರುವ ಉತ್ಪನ್ನವೇ ಬೇಕು. ಮರ ಹತ್ತಿ ಹೊಡೆಯುವವನ ಮುಖಕ್ಕೆ ಆ ಮಂಜು ಬೀಳುತ್ತದೆ, ಉಳಿದದ್ದು ಕಪ್ಪಿನಲ್ಲಿ, ಅಂದರೆ ತೋಟದ ಬಸಿಗಾಲುವೆಯಲ್ಲಿ, ಹರಿದು ಹಳ್ಳಕ್ಕೆ.

ಗದ್ದೆಯಲ್ಲಿ ನಿಜವಾಗಿ ಸತು ಕಡಿಮೆಯಿದ್ದರೆ ಹಳೆಯ ಸತುವಿನ ಸಲ್ಫೇಟ್ ಇದೆ. ಭತ್ತಕ್ಕೆ ಹೆಕ್ಟೇರಿಗೆ 20ರಿಂದ 25 ಕಿಲೋ ಮಣ್ಣಿಗೆ, ಇಲ್ಲವೇ 0.5 ಶೇಕಡಾ ಸತುವಿನ ಸಲ್ಫೇಟಿಗೆ 0.25 ಶೇಕಡಾ ಸುಣ್ಣ ಸೇರಿಸಿ ಎಲೆಗೆ. ಅಡಿಕೆಗೆ ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆ ಮಾಡಿಸದೆ ಹೇಳುವುದು ಸರಿಯಲ್ಲ.

ಭಾವನಿಗೆ ಇಷ್ಟನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮಣ್ಣು ಎಷ್ಟು ಕಡೆ ತೆಗೀಬೇಕು?" ಅಂದ. ತೋಟದ ಹತ್ತು ಕಡೆ ಅಂದೆ. ಸೋಮವಾರ ಬಸ್ಸಿಗೆ ಚೀಲ ಕೊಟ್ಟು ಕಳಿಸುತ್ತಾನಂತೆ.